ಮಾವನ ಬೆಳ್ಳಿಗೋಡೆ

ನಮ್ಮ ಸೋದರಮಾವ ಸೋಫಾ ಕೆಲಸದಲ್ಲಿ ಎತ್ತಿದ ಕೈ. ಸ್ಪ್ರಿಂಗು ಹೊರಬಂದು ಕೂತವರನ್ನೆಲ್ಲ ಚುಚ್ಚುತ್ತಿದ್ದ ಕುರ್ಚಿಯನ್ನು ಅವರಿಗೆ ಒಪ್ಪಿಸಿದರೆ ಸಾಕು, ಅದು ರಿಪೇರಿಯಾಗಿ ಮರಳಿದ ಮೇಲೆ ಕೂತ ಅತಿಥಿಗಳನ್ನು ಎಬ್ಬಿಸುವುದೇ ಮನೆಯವರಿಗೆ ದೊಡ್ಡ ಕೆಲಸವಾಗುತ್ತಿತ್ತು. ಇಷ್ಟಕ್ಕೇ ನಿಂತಿದ್ದರೆ ಮಾವ ಸುಖವಾಗಿರುತ್ತಿದ್ದರು. ಆದರೆ ಒಂದು ಬೇಸಿಗೆಯಲ್ಲಿ, ಕೂರುವ ಕುರ್ಚಿಗೆ ಮೆತ್ತೆ ಹೊದಿಸಬಹುದಾದರೆ ಇರುವ ಮನೆಗೆ ಯಾಕೆ ಹೊದಿಸಬಾರದು ಎಂಬ ಪ್ರಶ್ನೆ ಅವರಿಗೆ ಎದುರಾಯಿತು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜರಿಗೆ ಇಂಥ ಪ್ರಶ್ನೆ ಹೊಳೆದ ಮರುಗಳಿಗೆಯೇ ಪ್ರಜೆಗಳಿಗೆ ಕಷ್ಟಕಾಲ ಶುರುವಾಗುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಮಾವನಿಗೆ ತಂಪು ಲಾರಿಗಳ ಕೆಲಸ ಸಿಕ್ಕಿತ್ತು. ಹಾಲು, ಐಸ್‌ಕ್ರೀಮು ಸಾಗಿಸುವ ಲಾರಿಗಳ ಒಳಮೈಗೆ ಬೆಳ್ಳಿಬಣ್ಣದ ದಪ್ಪ ಹಾಳೆ ಹೊದಿಸುವುದು. ಆ ಹಾಳೆಯಲ್ಲಿ ಮೇಲೊಂದು ಪದರ ಅಲ್ಯೂಮಿನಿಯಂ, ಕೆಳಗೊಂದು ಪದರ ಅಲ್ಯೂಮಿನಿಯಂ, ನಡುವೆ ಸ್ಪಂಜು. ಕೆಲಸ ಮುಗಿದಾಗ ಲಾರಿ ಮಾಲೀಕ, ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಸುರುಳಿಗಳನ್ನು ತೋರಿಸಿ, "ಜಾಗ ಖಾಲಿ ಮಾಡಿಕೊಟ್ಟರೆ ನಿಮಗೇ ಪುಣ್ಯ" ಎಂದ. ಮಾವ ಪುಣ್ಯವನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು.

ನಮ್ಮದು ಕಟ್ಟಡದ ತುತ್ತತುದಿಯ ಮಹಡಿ. ಬೇಸಿಗೆಯಲ್ಲಿ ಚಾವಣಿ ಕಾದು ಹೆಂಚಾಗುತ್ತಿತ್ತು. ಮಾವ ಚಾವಣಿಗೂ ಗೋಡೆಗಳಿಗೂ ಬೆಳ್ಳಿಹಾಳೆ ಬಡಿದರು. ಅದರ ಮೇಲೆ ಕೆನೆಬಣ್ಣದ ಬಟ್ಟೆ ಎಳೆದು, ದೊಡ್ಡ ಸೋಫಾದ ಬೆನ್ನಿಗೆ ಹಾಕುವಂತೆ ಗುಂಡಿ ಹಾಕಿ ಗುಳಿ ಬೀಳಿಸಿದರು. ಬಿಸಿಲು ಬರುವ ಕಿಟಕಿಗಳಿಗೆ ಮೆತ್ತೆ ಹೊದಿಸಿದ ಹಲಗೆ ಜಡಿದರು. ಕೊನೆಗೆ ಬಾಗಿಲಿಗೂ ಮೆತ್ತೆ ಬಂತು. ಗೋಡೆಗೆ ಒರಗಿದರೆ ಗೋಡೆ ನಮ್ಮನ್ನು ತಬ್ಬಿಕೊಂಡ ಹಾಗಿರುತ್ತಿತ್ತು. ಮನೆ ಎಷ್ಟು ತಣ್ಣಗಾಯಿತೆಂದರೆ ಅಜ್ಜಿ ಮಧ್ಯಾಹ್ನ ಶಾಲು ಕೇಳಿದಳು.

ನೆರೆಹೊರೆಯವರು ನೋಡಲು ಬಂದರು, ನೋಡಿ ಎದ್ದು ಹೋಗಲಿಲ್ಲ. ನೆಲಮಹಡಿಯ ಬೇಕರಿಯವರು ನಮ್ಮ ಹಾಲಿನ ಗೋಡೆಗೆ ಕೆನ್ನೆಯಿಟ್ಟು ನಿಂತು, "ಇಷ್ಟು ಹದವಾದ ತಂಪು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ನಮ್ಮನೆಗೂ ಆಗ್ಬೇಕು" ಎಂದರು. ಎರಡನೇ ಮಹಡಿಯ ವಕೀಲರ ಗುಮಾಸ್ತರು, "ಸದರಿ ಸೌಲಭ್ಯ ಮೇಲ್ಮಹಡಿಗೆ ಮಾತ್ರ ಸೀಮಿತವಾದರೆ ಅದು ತಾರತಮ್ಯ ಆಗುತ್ತೆ" ಎಂದರು. ಮಾವ ತಾರತಮ್ಯ ಮಾಡುವ ಪೈಕಿಯಲ್ಲ. ಬೇಸಿಗೆ ಅರ್ಧ ಮುಗಿಯುವುದರೊಳಗೆ ಇಡೀ ಕಟ್ಟಡ ಒಳಗಿನಿಂದ ಒಂದು ದೊಡ್ಡ ಸೋಫಾ ಆಯಿತು. ಮೆಟ್ಟಿಲ ಗೋಡೆಗೂ ತಮ್ಮ ಕಾಣಿಕೆ ಇರಲೆಂದು ಉಳಿದ ತುಂಡುಗಳನ್ನು ಅಲ್ಲಿ ಬಡಿದರು.

ಬೇಡ ಎಂದವರು ಒಬ್ಬರೇ, ಮೊದಲ ಮಹಡಿಯ ಎಕ್ಸ್‌ಚೇಂಜ್ ಅಮ್ಮ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಮನೆ ಬಾಗಿಲು ತೆರೆದಾಗ "ಹೇಳಿ, ಯಾರು ಬೇಕು" ಎಂದೇ ಕೇಳುತ್ತಿದ್ದರು. ಮಾವ ಅಳತೆಯ ಟೇಪು ಹಿಡಿದು ಹೋದಾಗ ಅವರು, "ನನ್ನ ಗೋಡೆಗೆ ಚಳಿ ಆಗ್ತಿಲ್ಲ, ಕೋಟು ಬೇಡ" ಎಂದರು. ಮಾವನಿಗೆ ಇದು ಎದೆಗೆ ನಾಟಿತು. ಸೋಫಾ ಬೇಡ ಎಂದವರನ್ನು ಅವರು ಕ್ಷಮಿಸಬಲ್ಲರು, ಕೋಟು ಎಂದವರನ್ನಲ್ಲ.

ಆ ತಂಪಿನಲ್ಲೇ ಎಲ್ಲರ ಫೋನುಗಳೂ ಸತ್ತವು.

ಯಾರಿಗೂ ಅನುಮಾನ ಬರಲಿಲ್ಲ. ಅದೇ ದಿನಗಳಲ್ಲಿ ಫೋನ್ ಕಂಪನಿಯವರು 'ನಿಮ್ಮ ಪ್ರದೇಶದಲ್ಲಿ ನೆಟ್‌ವರ್ಕ್ ಸುಧಾರಣೆ ನಡೆಯುತ್ತಿದೆ, ತಾತ್ಕಾಲಿಕ ಅಡಚಣೆಗೆ ವಿಷಾದಿಸುತ್ತೇವೆ' ಎಂದು ಸಂದೇಶ ಕಳಿಸಿದ್ದರು. ಸುಧಾರಣೆ ಎಂದ ಮೇಲೆ ಸ್ವಲ್ಪ ಹಾಳಾಗುವುದು ಸಹಜ ಎಂದು ಜನ ಕಾದರು. ಮಾತಾಡಬೇಕಾದವರು ಬೀದಿಗಿಳಿದು ಮಾತಾಡಿ ಮತ್ತೆ ತಂಪಿಗೆ ಓಡಿಬರುತ್ತಿದ್ದರು. ಕಾದು ಕಾದು ಸಾಕಾದಾಗ ಮೆಟ್ಟಿಲ ಮೇಲೆ ಸಭೆ ಸೇರಿತು.

ಆ ಸಭೆಯಲ್ಲಿ ಮಾವ ಸುಮ್ಮನೆ ಒಂದು ಮಾತು ಆಡಿದರು. "ಈ ಕಂಪನಿ ಮ್ಯಾನೇಜರ್ ಕುರ್ಚಿಗೆ ಮೆತ್ತೆ ಹಾಕಿದವನು ನಾನೇ. ಅವರ ಒಳಗುಟ್ಟೆಲ್ಲ ನನಗೆ ಗೊತ್ತು."

ಕುರ್ಚಿಯ ಒಳಗುಟ್ಟು ಎಂಬ ಅರ್ಥದಲ್ಲಿ ಹೇಳಿದ್ದರೋ ಏನೋ. ಆದರೆ ಗುಮಾಸ್ತರು ಕೂಡಲೇ ಎದ್ದುನಿಂತು, "ಹಾಗಿದ್ದ ಮೇಲೆ ಅಧ್ಯಕ್ಷ ಸ್ಥಾನಕ್ಕೆ ಬೇರೆ ಹೆಸರಿನ ಅಗತ್ಯವೇ ಇಲ್ಲ" ಎಂದರು. ಹೀಗೆ ಸಿಗ್ನಲ್ ರಕ್ಷಣಾ ಸಮಿತಿ ಹುಟ್ಟಿತು. ಸಿಗ್ನಲ್ಲಿನ ಕತ್ತು ಹಿಸುಕಿದ ಕೈಗೇ ಅದರ ರಕ್ಷಣೆ ಬಂತು. ಮಾವ ಒಂದು ಮೆಟ್ಟಿಲು ಮೇಲೆ ಹತ್ತಿ, ತಾವೇ ಗುಂಡಿ ಹಾಕಿದ ಗೋಡೆಗೆ ಆರಾಮಾಗಿ ಒರಗಿ, ಟವರಿನವರ ಬೇಜವಾಬ್ದಾರಿಯ ಬಗ್ಗೆ ಎಲ್ಲರ ಕಾಲು ಸೋಲುವ ತನಕ ಮಾತಾಡಿದರು.

ಇದೆಲ್ಲ ನಗೆಯಾಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಮನೆಯಲ್ಲಿ ಅಕ್ಕ ಇದ್ದಳು. ಮಾವನ ಒಬ್ಬಳೇ ಮಗಳು, ತುಂಬು ಬಸುರಿ. ಭಾವ ದೂರದೂರಿಗೆ ಲಾರಿ ಓಡಿಸುವವರಾದ್ದರಿಂದ ಅವಳು ಹೆರಿಗೆಯ ತನಕ ನಮ್ಮ ಜೊತೆಗೇ ಇರುವುದೆಂದು ತೀರ್ಮಾನವಾಗಿತ್ತು. ಭಾವ ದಾರಿಯಲ್ಲಿ ಎಲ್ಲೆಲ್ಲಿ ಲಾರಿ ನಿಲ್ಲಿಸುತ್ತಿದ್ದರೋ ಅಲ್ಲಿಂದೆಲ್ಲ ಫೋನ್ ಮಾಡುತ್ತಿದ್ದರಂತೆ. ಅವರಿಗೆ ಸಿಗುತ್ತಿದ್ದುದು ಒಬ್ಬಳು ಹೆಂಗಸಿನ ಧ್ವನಿ: ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಅಕ್ಕ ಮಾತ್ರ ಹಾಸಿಗೆಯಿಂದ ಏಳುವುದೇ ಕಷ್ಟವಾಗಿ ಮನೆಯ ಒಳಗಿನ ಒಳಗೇ ಇದ್ದಳು.

ಅಷ್ಟರಲ್ಲಿ ಬೇಕರಿಯವರ ಅಡುಗೆಮನೆಯಲ್ಲಿ ಬಿಸಿಪಾತ್ರೆ ಹಿಡಿಯುವ ಬಟ್ಟೆಗೆ ಬೆಂಕಿ ಹತ್ತಿತು. ಅವರು ಫೋನು ತಿರುಗಿಸಿದರು, ಹೋಗಲಿಲ್ಲ. ಟವೆಲಿನಲ್ಲೇ ಬೀದಿಗೆ ಓಡಿ ಕರೆ ಮಾಡಿದರು. ಅವರ ಹೆಂಡತಿ ಒಂದು ಬಕೆಟ್ ನೀರಿನಲ್ಲಿ ಬೆಂಕಿಯನ್ನೂ, ಎರಡು ಮಾತಿನಲ್ಲಿ ಗಂಡನನ್ನೂ ಆರಿಸಿದ ಮೇಲೆ ಅಗ್ನಿಶಾಮಕದವರು ಬಂದರು. ಅಧಿಕಾರಿ ಹೇಗೂ ಬಂದದ್ದಾಯಿತೆಂದು ಮೆಟ್ಟಿಲು ಹತ್ತುತ್ತ ತಮ್ಮ ವಾಕಿಟಾಕಿಯಲ್ಲಿ ಹೊರಗಿನವರನ್ನು ಕರೆದರು. ಅದು ಗೊರಗೊರ ಎಂದು ಸುಮ್ಮನಾಯಿತು. ನಮ್ಮ ಮನೆಯ ತನಕ ಹತ್ತಿ, ಒಳಗೆ ಮಲಗಿದ್ದ ಅಕ್ಕನನ್ನೂ ನೋಡಿ, ಮತ್ತೆ ಕರೆದರು. ಗೊರಗೊರ ಎನ್ನುವುದನ್ನೂ ಬಿಟ್ಟಿತು.

ಅಧಿಕಾರಿಯ ಮುಖ ಗಂಭೀರವಾಯಿತು. "ಇದು ಫೋನಲ್ಲಿ ಹರಟೆ ಹೊಡೆಯೋ ಪ್ರಶ್ನೆ ಅಲ್ಲ. ಹೊಗೆ ತುಂಬಿದಾಗ ನನ್ನ ಹುಡುಗರು ಒಳಗೆ ಬಂದ್ರೆ, ವಾಪಸ್ ಬನ್ನಿ ಅಂತ ನಾನು ಹೇಗೆ ಕರೀಲಿ? ಯಾರೋ ಒಳಗೆ ಸಿಕ್ಕಿಹಾಕಿಕೊಂಡ್ರೆ, ಇಂಥ ಕೋಣೇಲಿದೀನಿ ಅಂತ ಅವ್ರು ಹೇಗೆ ಹೇಳ್ತಾರೆ?"

"ಅದೇ ಸಾರ್ ನಮ್ಮ ಸಮಿತಿ ನಿಲುವೂ" ಎಂದರು ಮಾವ.

"ನಾಡಿದ್ದು ಎಂಜಿನಿಯರ್ ಕರ್ಕೊಂಡು ಬರ್ತೀನಿ. ಪ್ರತಿ ಮನೆ ಒಳಗಿಂದಲೂ ತುರ್ತು ಸಂಖ್ಯೆಗೆ ಕರೆ ಹೋಗ್ಬೇಕು. ಮೊದಲು ಆ ಬಸುರಿ ಹೆಣ್ಣುಮಗಳಿರೋ ಮನೆಯಿಂದ. ಹೋಗ್ಲಿಲ್ಲ ಅಂದ್ರೆ ಜನರನ್ನ ಖಾಲಿ ಮಾಡಿಸ್ತೀನಿ."

ಎಂಜಿನಿಯರ್ ಬರುವ ತನಕ ಕೈಕಟ್ಟಿ ಕೂರುವ ಅಧ್ಯಕ್ಷರು ನಮ್ಮ ಮಾವ ಅಲ್ಲ. ಮರುದಿನ ಬೆಳಗ್ಗೆಯೇ ಮನುಷ್ಯರಿಂದಲೇ ಒಂದು ಟವರು ಕಟ್ಟಿದರು. ಮೇಲಿನ ಮಹಡಿಯಲ್ಲಿ ನಾನು, ಮೂರನೆಯದರಲ್ಲಿ ಮಾವನ ಹೆಂಡತಿ ಅತ್ತೆ, ಎರಡನೆಯದರಲ್ಲಿ ಗುಮಾಸ್ತರು, ಕೆಳಗೆ ಬೇಕರಿಯವರು. ಮೇಲಿನಿಂದ ಕೂಗಿದ್ದು ಬಾಯಿಂದ ಬಾಯಿಗಿಳಿದು ಬೀದಿ ಸೇರಿದರೆ, ಬೇಕರಿಯವರು ಅಲ್ಲಿಂದ ಫೋನ್ ಮಾಡುವುದು. ಮಾವ ಕೈಯೆತ್ತಿ ಸನ್ನೆ ಮಾಡಿದರು. ನಾನು ಕೂಗಿದೆ.

"ಮೇಲಿನ ಮನೆಗೆ ಆಂಬ್ಯುಲೆನ್ಸ್ ಬೇಕು."

ಅತ್ತೆ ಕೆಳಗೆ ಬಗ್ಗಿ, "ಮೇಲಿನ ಮನೆಗೆ ಆಂಬ್ಯುಲೆನ್ಸ್ ಬೇಕಂತೆ. ಮೆಟ್ಟಿಲು ಈಗಷ್ಟೇ ಒರೆಸಿದೀನಿ, ಕಾಲು ಒರೆಸಿಕೊಂಡು ಬರ್ಲಿ" ಎಂದಳು.

ಗುಮಾಸ್ತರು ಅದನ್ನು ಕೆಳಕ್ಕೆ ದಾಟಿಸುವ ಬದಲು ಮೇಲಕ್ಕೆ ತಿರುಗಿದರು. "ಮೇಲಿನ ಮನೆ ಅಂದ್ರೆ ಯಾವುದು? ನನ್ನ ದೃಷ್ಟಿಯಿಂದ ಮೇಲೆ ಎರಡು ಮಹಡಿ ಇವೆ. ಸ್ಪಷ್ಟನೆ ಬರ್ಲಿ."

"ನಮ್ಮನೆ ಕಣ್ರೀ" ಎಂದಳು ಅತ್ತೆ.

"ನಮ್ಮನೆ ಅಂತ ಹೇಳಿದ್ರೆ ಅವ್ರು ನನ್ನ ಮನೆಗೆ ಬರ್ತಾರೆ. ಹೇಳ್ತಿರೋನು ನಾನಲ್ವಾ?"

ಬೇಕರಿಯವರು ಕೆಳಗಿನಿಂದ, "ಏನಾದ್ರೂ ಒಂದು ಹೇಳ್ರಪ್ಪಾ, ಒಲೇಲಿ ಬನ್ನು ಬಿಟ್ಟು ಬಂದಿದೀನಿ" ಎಂದು ಕೂಗಿದರು. ಆ ಕೂಗು ಮಾತ್ರ ಯಾವ ಅಡಚಣೆಯೂ ಇಲ್ಲದೆ ನಮ್ಮ ಮನೆಯ ತನಕ ಬಂತು. ಅಕ್ಕ ಒಳಗಿನಿಂದ, "ಅಪ್ಪ, ನನಗೆ ಬನ್ನು ತಿನ್ನಬೇಕು ಅನಿಸ್ತಿದೆ" ಎಂದಳು. ಪ್ರಯೋಗದ ಒಟ್ಟು ಫಲ ಇದು.

ಗುಮಾಸ್ತರು ತಮ್ಮ ಠಾಣೆ ಬಿಟ್ಟು ಬನ್ನಿಗಾಗಿ ಕೆಳಗಿಳಿಯುತ್ತಿದ್ದಾಗ ಮೊದಲ ಮಹಡಿಯಲ್ಲಿ ಗಕ್ಕನೆ ನಿಂತರು. ಎಕ್ಸ್‌ಚೇಂಜ್ ಅಮ್ಮನ ಮನೆಯೊಳಗೆ ಫೋನು ರಿಂಗಾಗುತ್ತಿತ್ತು. ಅವರು ಅದನ್ನು ಎತ್ತಿ, ಸೋಫಾ ಮೇಲೆ ಕೂತವರ ಹಾಗೆ ನಿರಾತಂಕವಾಗಿ ಮಾತಾಡುತ್ತಿದ್ದರು. ಗುಮಾಸ್ತರು ಬಾಗಿಲಿಗೆ ಕಿವಿಯಿಟ್ಟು ಖಚಿತಪಡಿಸಿಕೊಂಡು, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು.

"ಅಧ್ಯಕ್ಷರೇ, ಕಳ್ಳಮಾಲು ಸಿಕ್ತು. ಇಡೀ ಕಟ್ಟಡದ ಸಿಗ್ನಲ್ಲು ಮೊದಲ ಮಹಡೀಲಿದೆ."

ಗಳಿಗೆಯಲ್ಲಿ ನಿಯೋಗ ಸಿದ್ಧವಾಯಿತು. ಮುಂದೆ ಮಾವ, ಹಿಂದೆ ಗುಮಾಸ್ತರು, ಅವರ ಹಿಂದೆ ಹಿಟ್ಟಿನ ಕೈಯ ಬೇಕರಿಯವರು, ತಪ್ಪಿಸಿಕೊಂಡು ಹೋಗದಂತೆ ಮೆಟ್ಟಿಲ ತಿರುವಿನಲ್ಲಿ ಅತ್ತೆ. ಎಕ್ಸ್‌ಚೇಂಜ್ ಅಮ್ಮ ಬಾಗಿಲು ತೆರೆದರು.

"ಹೇಳಿ, ಯಾರು ಬೇಕು?"

"ನಮ್ಮ ಸಿಗ್ನಲ್ ಬೇಕು" ಎಂದರು ಮಾವ.

"ಒಳಗೆ ಬನ್ನಿ, ಹುಡುಕಿಕೊಳ್ಳಿ."

ಹೊಸ್ತಿಲು ದಾಟಿದ್ದೇ ತಡ, ಎಲ್ಲರ ಜೇಬುಗಳೂ ಒಮ್ಮೆಲೇ ಬಾಯಿಬಿಟ್ಟವು. ಕಳೆದ ಸಲ ಬೀದಿಗಿಳಿದು ಬಂದ ಮೇಲೆ ಕಟ್ಟಡದ ಹೊರಗೆ ಕಾದು ನಿಂತಿದ್ದ ಸಂದೇಶಗಳೆಲ್ಲ ನುಗ್ಗಿ ಬಂದವು. ಟಿಂಗ್, ಟುಂಯ್, ಗುರ್ ಗುರ್. ಗುಮಾಸ್ತರ ಫೋನಿನಲ್ಲಿ ವಕೀಲರು ಮೊದಲು ಕರೆದು, ಆಮೇಲೆ ಬೈದು, ಕೊನೆಗೆ ಬೇಡಿಕೊಂಡಿದ್ದರು. ಬೇಕರಿಯವರ ಬಾವಮೈದುನ ಊರಿಗೆ ಬಂದು, ನಿಲ್ದಾಣದಲ್ಲಿ ಕಾದು, ಮುನಿಸಿಕೊಂಡು ವಾಪಸ್ ಹೋಗಿ ಮುಟ್ಟಿದ ಸಂಗತಿಯೆಲ್ಲ ಒಟ್ಟಿಗೇ ಬಂತು. ಬೇಕರಿಯವರು ಅದನ್ನು ಓದಿ ಒಂದು ನಿಟ್ಟುಸಿರು ಬಿಟ್ಟರು, ದುಃಖದ್ದೋ ಸಮಾಧಾನದ್ದೋ ತಿಳಿಯಲಿಲ್ಲ.

"ನೋಡಿದ್ರಾ?" ಮಾವ ತೋರುಬೆರಳೆತ್ತಿದರು. "ನಮ್ಮೆಲ್ಲರ ಮನೇದನ್ನ ಎಳ್ಕೊಂಡು ಇಲ್ಲಿ ಕೂಡಿಟ್ಟಿದೀರಿ."

"ಕೂಡಿಡೋಕೆ ಅದೇನು ಸಕ್ಕರೇನಾ?"

ಮಾವ ಆಗಲೇ ಶೋಧನೆ ಶುರುಮಾಡಿದ್ದರು. ಕುರ್ಚಿಯ ಅಡಿ ನೋಡಿದರು, ವೃತ್ತಿಯ ಚಪಲಕ್ಕೆ ಅದರ ಬೆಲ್ಟು ಸಡಿಲವಾಗಿದೆ ಎಂದೂ ತಿಳಿಸಿದರು. ಕಪಾಟಿನ ಮೂಲೆಯಲ್ಲಿ ಸುರುಳಿ ವೈರಿನ ಒಂದು ಕಪ್ಪು ಹೆಡ್‌ಸೆಟ್ಟು ಕೈಗೆ ಸಿಕ್ಕಿತು. ಅದನ್ನು ಹಾವಿನ ಬಾಲ ಹಿಡಿದಂತೆ ಎತ್ತಿ ಹಿಡಿದರು.

"ಸಿಕ್ತು ಮೆಷಿನ್ನು."

ಎಕ್ಸ್‌ಚೇಂಜ್ ಅಮ್ಮ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಇದು ಮೆಷಿನ್ ಅಲ್ಲ, ನನ್ನ ನೌಕರಿ. ಇಡೀ ಊರಿನ ಮಾತು ಇದರೊಳಗಿಂದ ದಾಟಿ ಹೋಗಿದೆ. ಹುಟ್ಟು, ಸಾವು, ಜಗಳ, ಎಲ್ಲ. ಒಂದು ಮಾತನ್ನೂ ನಾನು ಇಟ್ಕೊಳ್ಳಲಿಲ್ಲ. ನಿಮ್ಮ ಸಿಗ್ನಲ್ ಇಟ್ಕೊಂಡು ಏನು ಮಾಡ್ಲಿ? ಹೊರಡಿ."

ಬಾಗಿಲು ಮುಚ್ಚಿತು. ಮೆತ್ತೆಯಿಲ್ಲದ ಬಾಗಿಲು, ಸದ್ದು ಜೋರಾಗಿಯೇ ಆಯಿತು.

ಹೇಳಿದ ದಿನ ಅಧಿಕಾರಿ ಎಂಜಿನಿಯರನ್ನು ಕರೆತಂದರು. ನನ್ನ ವಯಸ್ಸಿನವಳೇ ಒಬ್ಬ ಹುಡುಗಿ, ಬೆನ್ನಿಗೆ ಚೀಲ, ಕೈಯಲ್ಲಿ ಮೀಟರು. ಅಧಿಕಾರಿ ಕೆಳಗೆ ಜನರ ದೂರು ಕೇಳುತ್ತ ನಿಂತರು. ಅವಳು ಮೀಟರು ನೋಡುತ್ತ ಮೇಲೆ ಹತ್ತಿದಳು, ಮಾವ ಪಕ್ಕದಲ್ಲೇ ಹತ್ತುತ್ತ ಟವರಿನ ಲೋಪದೋಷಗಳನ್ನು ಅವಳಿಗೆ ಕಲಿಸಿದರು. ಅವಳು ಹ್ಞೂಂ ಹ್ಞೂಂ ಎನ್ನುತ್ತ ಬಂದವಳು ನಮ್ಮ ಹೊಸ್ತಿಲಲ್ಲಿ ಒಂದು ಹೆಜ್ಜೆ ಒಳಗಿಟ್ಟಳು, ಹೊರಗಿಟ್ಟಳು, ಮತ್ತೆ ಒಳಗಿಟ್ಟಳು. ಹೊಸ್ತಿಲಿನ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದಾಳೇನೋ ಎಂದು ಅಜ್ಜಿ ಕುತ್ತಿಗೆ ಚಾಚಿ ನೋಡಿದಳು.

"ಈ ಗೋಡೆ ಒಳಗೆ ಏನಿದೆ?" ಎಂದಳು ಹುಡುಗಿ, ಒಂದು ಗುಂಡಿಯನ್ನು ಒತ್ತಿ ನೋಡುತ್ತ.

ಮಾವನ ಎದೆ ಉಬ್ಬಿತು. "ನನ್ನ ಕೈಕೆಲಸ. ಎರಡು ಪದರ ಅಲ್ಯೂಮಿನಿಯಂ, ನಡುವೆ ಸ್ಪಂಜು. ಈ ಕಟ್ಟಡದಲ್ಲಿ ಒಂದು ಮನೆ ಬಿಟ್ಟು ಎಲ್ಲಾ ಮನೆಗೂ ಹಾಕಿದೀನಿ."

"ಯಾವ ಮನೆ ಬಿಟ್ಟು?"

"ಮೊದಲ ಮಹಡೀದು. ಆ ಅಮ್ಮ..." ಮಾವ ಅಲ್ಲಿಗೆ ನಿಂತರು.

ಹುಡುಗಿ ಮೂಲೆಯಲ್ಲಿ ಬಿದ್ದಿದ್ದ ಹಾಳೆಯ ತುಂಡೊಂದನ್ನು ಎತ್ತಿಕೊಂಡು ಮಾವನನ್ನು ತಾರಸಿಗೆ ಕರೆದೊಯ್ದಳು. ಬಯಲಲ್ಲಿ ಮಾವನ ಫೋನಿಗೆ ಕರೆ ಮಾಡಿದಳು, ರಿಂಗಾಯಿತು. ಅದನ್ನು ಹಾಳೆಯಲ್ಲಿ ಸುತ್ತಿ, ಅಂಚು ಮಡಚಿ, ಮತ್ತೆ ಕರೆ ಮಾಡಿದಳು. ತನ್ನ ಫೋನನ್ನು ಮಾವನ ಕಿವಿಗಿಟ್ಟಳು. ಭಾವನಿಗೆ ದಾರಿಯುದ್ದಕ್ಕೂ ಸಿಗುತ್ತಿದ್ದ ಆ ಹೆಂಗಸಿನ ಧ್ವನಿ ಈಗ ಮಾವನಿಗೆ ಸಿಕ್ಕಿತು. ತಮ್ಮ ಅಂಗೈಯಲ್ಲೇ ಇದ್ದ ಫೋನು ವ್ಯಾಪ್ತಿ ಪ್ರದೇಶದ ಹೊರಗಿದೆಯೆಂದು ಅವಳು ವಿನಯದಿಂದ ತಿಳಿಸಿದಳು.

ಮಾವ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟರು. "ಬಿಸಿಲನ್ನ ತಡೀಲಿ ಅಂತ ಹಾಕಿದ್ದು ಕಣಮ್ಮ. ಇಷ್ಟೊಂದು ತಡೆಯುತ್ತೆ ಅಂತ ಗೊತ್ತಿರಲಿಲ್ಲ."

"ತುಂಬಾ ಚೆನ್ನಾಗಿ ಹಾಕಿದೀರಿ. ಒಂದು ಕಡೆನೂ ಸಂದು ಬಿಟ್ಟಿಲ್ಲ" ಎಂದಳು ಅವಳು. ಜೀವಮಾನದಲ್ಲಿ ಮಾವನಿಗೆ ಸಿಕ್ಕ ಪ್ರಶಂಸೆಗಳಲ್ಲಿ ನೋವಾದದ್ದು ಇದೊಂದೇ.

"ಕೆಳಗೆ ಎಲ್ಲಾ ಸೇರಿದಾರೆ. ನಾನು ಅಧ್ಯಕ್ಷ. ಆ ಅಮ್ಮನ್ನ ಕಳ್ಳಿ ಅಂದುಬಿಟ್ಟಿದೀನಿ. ಸಂಜೆವರೆಗೆ ಟೈಮ್ ಕೊಡು ತಾಯಿ, ಏನಾದ್ರೂ ಒಂದು ದಾರಿ..."

"ನಾನು ಕೊಡ್ತೀನಿ" ಎಂದಳು ಹುಡುಗಿ. "ಆದ್ರೆ ಒಳಗೆ ಮಲಗಿರೋರು ಕೊಡಬೇಕಲ್ಲ."

ಅವಳ ಬಾಯಿ ಮುಚ್ಚುವ ಮೊದಲೇ ಅಜ್ಜಿ ತಾರಸಿಯ ಬಾಗಿಲಲ್ಲಿ ಕಂಡಳು. "ಲೋ, ನಿನ್ನ ಮಗಳು ನಿನ್ನನ್ನ ಕರೀತಿದಾಳೆ. ಕರೆಯೋ ರೀತಿ ನೋಡಿದ್ರೆ ಮಗು ಹೊರಟುಬಿಟ್ಟಿದೆ ಅನಿಸುತ್ತೆ."

ದಿನ ತುಂಬಲು ಇನ್ನೂ ಸಮಯವಿತ್ತು. ಆದರೆ ಅದನ್ನು ಹೊಟ್ಟೆಯಲ್ಲಿದ್ದವರಿಗೆ ಯಾರೂ ತಿಳಿಸಿರಲಿಲ್ಲ. ಅಕ್ಕ ಹಾಸಿಗೆಯ ಅಂಚನ್ನು ಹಿಡಿದು, ಹಲ್ಲು ಕಚ್ಚಿ ಕೂತಿದ್ದಳು. "ಬೇಗ, ಅಪ್ಪ. ತುಂಬಾ ಬೇಗ ಬರ್ತಿದೆ."

ಮನುಷ್ಯರ ಟವರು ಮತ್ತೆ ಎದ್ದು ನಿಂತಿತು, ಈ ಸಲ ನಿಜಕ್ಕೂ. ನನ್ನ ಕೂಗು ಅತ್ತೆಗೆ, ಅತ್ತೆಯದು ಗುಮಾಸ್ತರಿಗೆ, ಅವರದು ಬೇಕರಿಯವರಿಗೆ. ಅಧಿಕಾರಿ ಬೀದಿಗೆ ಹಾರಿ ಆಂಬ್ಯುಲೆನ್ಸಿಗೆ ಹೇಳಿದರು. ಅದು ಹೊರಟಿತು. ಆದರೆ ಬರಬೇಕಾದ ದಾರಿ ಉದ್ದ ಇತ್ತು, ಅಕ್ಕನಿಗೆ ಉಳಿದ ದಾರಿ ಗಿಡ್ಡ. ನಿಯಂತ್ರಣ ಕೊಠಡಿಯ ಡಾಕ್ಟರಮ್ಮ ಫೋನಿನಲ್ಲೇ ಹೆರಿಗೆ ನಡೆಸಲು ಸಿದ್ಧರಾಗಿ ಪ್ರಶ್ನೆ ಕೇಳಿದರು. ಪ್ರಶ್ನೆ ಮೆಟ್ಟಿಲು ಹತ್ತಿತು.

"ನೋವು ಎಷ್ಟು ಹೊತ್ತಿಗೊಮ್ಮೆ ಬರ್ತಿದೆ ಅಂತ ಕೇಳ್ತಿದಾರೆ" ಎಂದರು ಬೇಕರಿಯವರು. "ಬಿಸಿನೀರು ಕೊಡ್ರಪ್ಪಾ, ನಮ್ಮವಳಿಗೆ ಅದ್ರಿಂದ್ಲೇ ಹದ ಆಗಿದ್ದು."

"ನೋವಿನ ಅವಧಿ ತಿಳಿಸತಕ್ಕದ್ದು, ಬಿಸಿನೀರು ಒದಗಿಸತಕ್ಕದ್ದು" ಎಂದರು ಗುಮಾಸ್ತರು.

"ಬಿಸಿನೀರಂತೆ" ಎಂದಳು ಅತ್ತೆ, ಮತ್ತು ತನ್ನ ಠಾಣೆ ಬಿಟ್ಟು ನೀರು ಕಾಯಿಸಲು ಒಳಗೋಡಿದಳು.

ನಮ್ಮ ಕೋಣೆಗೆ ಮುಟ್ಟಿದ್ದು ಇಷ್ಟೇ. ಎಂಜಿನಿಯರ್ ಹುಡುಗಿ ಅಕ್ಕನ ಬೆನ್ನಿಗೆ ದಿಂಬು ಕೊಡುತ್ತಿದ್ದಳು. ಅತ್ತೆ ನೀರಿನ ಕಡೆ ಹೋದ ಮೇಲೆ ಅನುಭವಸ್ಥರು ಎಂದರೆ ಅಜ್ಜಿಯೊಬ್ಬಳೇ. ಆದರೆ ಅಜ್ಜಿಯ ಕಥೆಗಳಲ್ಲಿ ಮಕ್ಕಳೆಲ್ಲ ಹಣ್ಣಿನೊಳಗಿಂದಲೋ ಕಮಲದೊಳಗಿಂದಲೋ ಹುಟ್ಟಿದವರು, ಸ್ವಂತ ಹೆರಿಗೆಗಳ ವಿಷಯದಲ್ಲಿ ಅವಳಿಗೆ ನೆನಪಿದ್ದುದು ತಾನು ಯಾರ್‍ಯಾರಿಗೆ ಬೈದೆ ಎನ್ನುವುದು ಮಾತ್ರ.

ಮೊದಲ ಮಹಡಿಯ ಬಾಗಿಲು ಧಡಾರೆಂದು ತೆರೆಯಿತು.

"ಇದೇನು ಲೈನಾ, ಮಾರ್ಕೆಟ್ಟಾ?" ಎಕ್ಸ್‌ಚೇಂಜ್ ಅಮ್ಮನ ಧ್ವನಿ ಮೆಟ್ಟಿಲುಗಳನ್ನೆಲ್ಲ ಒಮ್ಮೆಲೇ ತುಂಬಿತು. "ಒಬ್ಬರೂ ಬಾಯಿ ತೆರೆಯಬಾರದು. ಲೈನ್ ಬಿಡಿ."

ಅವರು ಫೋನನ್ನು ಕಿವಿಗೊತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹತ್ತಿಬಂದರು. ತಮ್ಮ ಮನೆಯಿಂದಲೇ ಡಾಕ್ಟರಮ್ಮನನ್ನು ಹಿಡಿದಿದ್ದರು. ಆದರೆ ಮೆಟ್ಟಿಲ ತಿರುವಿನಲ್ಲೇ ಕರೆ ಕಡಿಯಿತು. ನಮ್ಮ ಕೋಣೆಗೆ ಬಂದು ನಿಂತಾಗ ಕೈಯಲ್ಲಿ ಬರೀ ಕಪ್ಪು ಗಾಜು.

"ಡಾಕ್ಟರಿಗೆ ಈ ಕೋಣೇಲಿರೋರ ಜೊತೆ ಮಾತಾಡ್ಬೇಕಂತೆ. ಬೀದೀಲಿರೋರ ಜೊತೆ ಅಲ್ಲ" ಎಂದರು ಅವರು, ಏದುಸಿರು ಬಿಡುತ್ತ. "ಇಲ್ಲಿ ಯಾಕೆ ಹಿಡೀತಿಲ್ಲ?"

ಹಿಂದಿನಿಂದ ಗುಮಾಸ್ತರು, ಬೇಕರಿಯವರು, ಅಧಿಕಾರಿ ಎಲ್ಲ ಹತ್ತಿ ಬಂದು ಹಾಲಿನಲ್ಲಿ ಗುಂಪುಗೂಡಿದ್ದರು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು.

ಮಾವ ಗೋಡೆಗೆ ನೇತುಹಾಕಿದ್ದ ತಮ್ಮ ದೊಡ್ಡ ಕತ್ತರಿಯನ್ನು ಎಳೆದುಕೊಂಡರು. "ಕಳ್ಳ ನಾನೇ ಅಮ್ಮ. ನಿಮ್ಮೆಲ್ಲರ ಸಿಗ್ನಲ್ ತಿಂದಿದ್ದು ಈ ಗೋಡೆ."

"ಅದನ್ನ ಆಮೇಲೆ ವಿಚಾರಿಸೋಣ. ಮೊದಲು ಕಿಟಕಿ."

ಮಾವ ಕಿಟಕಿಯ ಹಲಗೆಗೆ ಕತ್ತರಿ ತೂರಿಸಿ ಮೀಟಿದರು. ಮೊಳೆಗಳು ಪಟಪಟನೆ ಹಾರಿದವು. ಎಷ್ಟೋ ದಿನಗಳಿಂದ ಕಾಣದ ಬಿಸಿಲು ಹಾಸಿಗೆಯ ಮೇಲೆ ಬಿತ್ತು. ಕೆನೆಬಟ್ಟೆಯನ್ನು ಮೇಲಿನಿಂದ ಕೆಳಗೆ ಒಂದೇ ಏಟಿಗೆ ಸೀಳಿ, ಬೆಳ್ಳಿಹಾಳೆಯನ್ನು ಬಾಚಿ ಬಾಚಿ ಎಳೆದರು. ಗುಂಡಿಗಳು ಆಲಿಕಲ್ಲಿನಂತೆ ಸುರಿದವು. ಗುಮಾಸ್ತರು ಒಂದು ಕ್ಷಣ ಕಣ್ಣುಕಣ್ಣು ಬಿಟ್ಟು, ಆಮೇಲೆ ಯಾವ ಸ್ಪಷ್ಟನೆಯನ್ನೂ ಕೇಳದೆ ಇನ್ನೊಂದು ಅಂಚು ಹಿಡಿದು ಜಗ್ಗಿದರು. ಬೇಕರಿಯವರು ನಾದುವ ತೋಳುಗಳಿಂದ ಇಡೀ ಗೋಡೆಯನ್ನೇ ಸುಲಿದರು. ಅಧಿಕಾರಿ ತಮ್ಮ ಕೊಡಲಿ ತರಲು ಯಾರನ್ನಾದರೂ ಕರೆಯೋಣವೆಂದು ವಾಕಿಟಾಕಿ ಒತ್ತಿದರೆ ಅದು ಗೊರಗೊರ ಎಂದಿತು, ಗೊರಗೊರದ ನಡುವೆ ಒಂದು ಗಂಡುಧ್ವನಿ, "ಹೇಳಿ ಸಾರ್" ಎಂದಿತು.

"ಬಂತು" ಎಂದಳು ಎಂಜಿನಿಯರ್ ಹುಡುಗಿ, ಮೀಟರು ನೋಡಿ.

ಎಕ್ಸ್‌ಚೇಂಜ್ ಅಮ್ಮ ಮತ್ತೆ ಡಾಕ್ಟರಮ್ಮನಿಗೆ ಕರೆ ಮಾಡಿ, ಫೋನಿನ ಧ್ವನಿ ಹೆಚ್ಚಿಸಿ ಅಕ್ಕನ ಪಕ್ಕದಲ್ಲಿ ಕೂತರು. "ಡಾಕ್ಟ್ರೇ, ಲೈನ್ ಕೊಟ್ಟಿದೀನಿ. ಮಾತಾಡಿ."

ಗಂಡಸರೆಲ್ಲ ಬೆಳ್ಳಿಹಾಳೆಗಳ ರಾಶಿ ಹೊತ್ತುಕೊಂಡು ಹಾಲಿಗೆ ನುಗ್ಗಿ ಬೆನ್ನು ತಿರುಗಿಸಿ ನಿಂತರು. ಕೋಣೆಯಲ್ಲಿ ಡಾಕ್ಟರಮ್ಮನ ಧ್ವನಿ ಒಂದೇ. ಅವಸರವಿಲ್ಲ, ಗಡಿಬಿಡಿಯಿಲ್ಲ. ಯಾವಾಗ ಉಸಿರು ಹಿಡಿಯಬೇಕು, ಯಾವಾಗ ಬಿಡಬೇಕು, ತಲೆ ಕಂಡರೆ ಎಳೆಯಬಾರದು, ಅಂಗೈ ಕೊಟ್ಟರೆ ಸಾಕು. ನಾನು ಅಂಗೈ ಚಾಚಿ ಕೂತೆ. "ಏನಾದ್ರೂ ಆಗ್ಲಿ, ಕೈ ಮಾತ್ರ ತೆಗೀಬೇಡ" ಎಂದಳು ಅಕ್ಕ, ಆ ನೋವಿನಲ್ಲೂ.

ಮಗು ಬಂತು. ಸದ್ದು ಬರಲಿಲ್ಲ.

"ಅಳ್ತಿಲ್ಲ" ಎಂದೆ ನಾನು. ಆ ಒಂದು ಪದ ಮೆಟ್ಟಿಲಿಳಿದು ಬೀದಿ ಸೇರಿ, ಯಾರ್‍ಯಾರ ಅಭಿಪ್ರಾಯವನ್ನೋ ಹೊತ್ತುಕೊಂಡು ಮರಳಬೇಕಾಗಿರಲಿಲ್ಲ. ಮರುಕ್ಷಣವೇ ಉತ್ತರ ಬಂತು. "ಒಣಗಿದ ಬಟ್ಟೆ ತಗೊಳ್ಳಿ. ಬೆನ್ನು ಉಜ್ಜಿ. ಮೆಲ್ಲಗಲ್ಲ, ಚೆನ್ನಾಗಿ. ಅಂಗಾಲು ತಟ್ಟಿ. ಇನ್ನೊಂದು ಸಲ. ನಿಲ್ಲಿಸಬೇಡಿ."

ಉಜ್ಜಿದೆ. ಅಜ್ಜಿ ಅಂಗಾಲು ತಟ್ಟಿದಳು. ಮಗು ಮೊದಲು ಸೀನಿತು, ಆಮೇಲೆ ಬಾಯಿ ತೆರೆದು ಇಡೀ ಸಮಿತಿಯ ಮೇಲೆ ದೂರು ಕೊಡುವಂತೆ ಕಿರುಚಿತು. ಹಾಲಿನಲ್ಲಿ ಮಾವ ಬೆಳ್ಳಿಹಾಳೆಗಳ ರಾಶಿಯ ಮೇಲೆ ಕುಸಿದು ಕೂತ ಸದ್ದು ನಮಗೆ ಕೇಳಿಸಿತು.

ಆಂಬ್ಯುಲೆನ್ಸಿನವರು ಬಂದಾಗ ತಾಯಿಯೂ ಮಗಳೂ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಮಲಗಿದ್ದರು. ಅತ್ತೆ ಆಗ ಬಿಸಿನೀರು ತಂದಳು. ಅದರಲ್ಲಿ ಎಲ್ಲರಿಗೂ ಕಾಫಿ ಆಯಿತು.

ಮುಂದಿನ ವಾರವೆಲ್ಲ ಮಾವ ಏಣಿ ಹಿಡಿದು ಮನೆಮನೆಗೆ ಹೋಗಿ ತಮ್ಮ ಕೈಕೆಲಸವನ್ನು ತಾವೇ ಬಿಚ್ಚಿದರು. ಗೋಡೆ ಬಯಲಾಗುತ್ತಿದ್ದಂತೆ ಆಯಾ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು, ಮನೆಯವರು ಅದನ್ನೆತ್ತಿ, ಏಣಿಯ ಮೇಲಿದ್ದವರಿಗೂ ಕೇಳುವಂತೆ ನಡೆದದ್ದನ್ನೆಲ್ಲ ನೆಂಟರಿಗೆ ವಿವರಿಸುತ್ತಿದ್ದರು. ಗುಮಾಸ್ತರ ಮನೆಯಲ್ಲಂತೂ ಮಾವ ಮೊಳೆ ಬಾಯಲ್ಲಿಟ್ಟುಕೊಂಡೇ ಫೋನಿಗೆ ಬಗ್ಗಿ, "ಹೌದು ಸ್ವಾಮಿ, ಆ ಮಹಾನುಭಾವ ನಾನೇ" ಎಂದು ಹೇಳಿಕೆ ಕೊಡಬೇಕಾಯಿತು. ತಂಪು ಹೋಯಿತು, ಬೇಸಿಗೆ ಮರಳಿತು. "ಬೇಯ್ತಾ ಇದೀವಿ. ಆದ್ರೂ ಮಾತಾಡ್ಕೊಂಡು ಬೇಯ್ತಾ ಇದೀವಿ" ಎಂದರು ಬೇಕರಿಯವರು.

ಅಧಿಕಾರಿ ಮರುಪರೀಕ್ಷೆಗೆ ಬಂದರು. ಪ್ರತಿ ಮನೆಯ ಒಳಗಿನ ಕೋಣೆಯಿಂದ ತುರ್ತು ಸಂಖ್ಯೆಗೆ ಒಂದು ಕರೆ, 'ಇದು ಪರೀಕ್ಷಾ ಕರೆ' ಎಂಬ ಒಂದೇ ವಾಕ್ಯ, ಮುಗಿಯಿತು, ಇಡಬೇಕು. ನಿಯಂತ್ರಣ ಕೊಠಡಿಗೆ ಮೊದಲೇ ತಿಳಿಸಲಾಗಿತ್ತು. ಬೇಕರಿಯವರು ವಾಕ್ಯವನ್ನು ಸರಿಯಾಗಿ ಹೇಳಿ, ಮಗುವಿನ ತೂಕವನ್ನೂ ಸೇರಿಸಿದರು. ಎಕ್ಸ್‌ಚೇಂಜ್ ಅಮ್ಮ, "ಪರೀಕ್ಷಾ ಕರೆ. ಮಗು ತಾತನನ್ನ ಹೋಲುತ್ತೆ, ಆದ್ರೂ ಆರೋಗ್ಯವಾಗಿದೆ. ಇಡ್ತೀನಿ" ಎಂದರು. ಗುಮಾಸ್ತರು ಸದರಿ ಮಗುವಿನ ಜನನಕಾಲದಲ್ಲಿ ತಾವು ವಹಿಸಿದ ಪಾತ್ರದ ಸಾರಾಂಶ ಕೊಟ್ಟರು. ಅಧಿಕಾರಿ ತಲೆ ಮೇಲೆ ಕೈಯಿಟ್ಟುಕೊಂಡು ಮೇಲೆ ಹತ್ತಿದರು.

ಕೊನೆಯ ಕರೆ ನಮ್ಮ ಮನೆಯಿಂದ, ಅಕ್ಕನ ಕೋಣೆಯಿಂದ. ಮಾವ ಬೆಳಗ್ಗೆಯಿಂದ ಆ ವಾಕ್ಯವನ್ನು ಬಾಯಿಪಾಠ ಮಾಡಿದ್ದರು. ಬೋಳು ಗೋಡೆಗೆ ಬೆನ್ನುಕೊಟ್ಟು ನೆಟ್ಟಗೆ ನಿಂತು ಸಂಖ್ಯೆ ಒತ್ತಿದರು. ಆ ಕಡೆ ಫೋನೆತ್ತಿದ್ದು ಡಾಕ್ಟರಮ್ಮನೇ.

"ಮೇಲಿನ ಮಹಡಿನಾ?" ಎಂದರು ಅವರು. "ನಮ್ಮ ಹುಡುಗಿ ಹೇಗಿದಾಳೆ?"

ಮೆಟ್ಟಿಲ ಮೇಲೆ ನಿಂತು ಗಂಟೆಗಟ್ಟಲೆ ಮಾತಾಡಬಲ್ಲ ಮಾವನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಅಧಿಕಾರಿ ವಾಕ್ಯ ಹೇಳಿ ಎಂದು ಸನ್ನೆ ಮಾಡಿದರು, ಅತ್ತೆ ಬೆನ್ನಿಗೆ ತಿವಿದಳು. ಮಾವ ಬಗ್ಗಿ ಫೋನನ್ನು ತೊಟ್ಟಿಲೊಳಗೆ ಹಿಡಿದರು. ಮಗು ಅಳುತ್ತಿರಲಿಲ್ಲ, ನಿದ್ದೆಯಲ್ಲಿ ಏನೋ ಚಪ್ಪರಿಸುತ್ತಿತ್ತು. ಅಷ್ಟು ಸಣ್ಣ ಸದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ.

"ಕೇಳಿಸ್ತು" ಎಂದರು ಡಾಕ್ಟರಮ್ಮ.